ಹಗಲುವೇಷದವರಿಗೆ ಕುಂಕುಮ

ಮನುಷ್ಯ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊಸಿಲು ದಾಟಿದರೆ ಮಾತ್ರ ಅವನು ಕೆಲಸಕ್ಕೆ ಹೋದ ಹಾಗೆ. ಹೋದವನು ಆಫೀಸಿನ ಕಾಫಿ ಯಂತ್ರಕ್ಕೆ ಒರಗಿಕೊಂಡು ದಿನ ಕಳೆದಿದ್ದರೂ ಸಂಜೆ ಮನೆಗೆ ಬಂದಾಗ "ಪಾಪ, ಸುಸ್ತಾಗಿ ಬಂದಿದ್ದಾರೆ" ಎಂಬ ಮರ್ಯಾದೆ ಸಿಗುತ್ತದೆ. ಅದೇ ಮನುಷ್ಯ ಮನೆಯಲ್ಲೇ ಕೂತು ಬೆಳಗಿನಿಂದ ಸಂಜೆಯ ತನಕ ಲ್ಯಾಪ್‌ಟಾಪ್ ಕುಟ್ಟಿದರೂ "ಹೇಗೂ ಸುಮ್ಮನೆ ಕೂತಿದ್ದೀರಲ್ಲ, ಈ ಕಾಯಿ ಒಂದು ತುರಿದುಕೊಡಿ" ಎನ್ನುತ್ತಾರೆ. ಈ ಸತ್ಯ ನನಗೆ ತಿಳಿದದ್ದು ಕೊರೊನಾ ಕಾಲದಲ್ಲಿ. ತಿಳಿಸಿಕೊಟ್ಟವರು ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿ ಪ್ರಭಾಳ ತಾಯಿ. ಸಾಕ್ಷಿಗೆ ಇದ್ದದ್ದು ಗೋಡೆಯ ಮೇಲಿನ ಒಂದು ಚಿತ್ರ.

ನಾವು ಮೈಸೂರಿನವರು. ಕೌಲಾಲಂಪುರಕ್ಕೆ ಬಂದು ಒಂಬತ್ತು ವರ್ಷ. ಬ್ರಿಕ್‌ಫೀಲ್ಡ್ಸಿನ ಒಂದು ಕಟ್ಟಡದ ಹನ್ನೊಂದನೆಯ ಮಹಡಿಯಲ್ಲಿ ಬಾಡಿಗೆ ಮನೆ. ಕೆಳಗಿಳಿದರೆ ಹೂವು, ಬಾಳೆಲೆ, ವೀಳ್ಯದೆಲೆ ಎಲ್ಲವೂ ಸಿಗುವುದರಿಂದ ಪರದೇಶದಲ್ಲಿದ್ದೇವೆ ಎಂಬುದು ವೀಸಾ ನವೀಕರಿಸುವಾಗ ಮಾತ್ರ ನೆನಪಾಗುತ್ತಿತ್ತು. ಮೂರು ತಿಂಗಳು ಇದ್ದು ಹೋಗುತ್ತೇನೆಂದು ಅತ್ತೆ ಬಂದರು. ಅವರು ಬಂದ ಮೂರನೆಯ ವಾರಕ್ಕೆ ಊರಿಗೆ ಊರೇ ಬಾಗಿಲು ಹಾಕಿತು. ಮುಂದೆ ಎಷ್ಟೋ ತಿಂಗಳ ಮೇಲೆ ಊರಿಗೆ ಕರೆದೊಯ್ಯುವ ವಿಮಾನಗಳು ಶುರುವಾದವು ಎಂದು ನಾನು ಸುದ್ದಿ ತಂದಾಗ, ಆ ಸುದ್ದಿಯಲ್ಲಿದ್ದ ನನ್ನ ಉತ್ಸಾಹವನ್ನು ಅವರು ಗಮನಿಸಿದರೆಂದು ಕಾಣುತ್ತದೆ. "ಬೇಡಿ ಅಳಿಯಂದ್ರೆ, ಕೆಮ್ಮೋರ ಮಧ್ಯೆ ನಾಲ್ಕು ಗಂಟೆ ಕೂರೋದಕ್ಕಿಂತ ನಿಮ್ಮನ್ನ ಇನ್ನೊಂದು ವರ್ಷ ಸಹಿಸ್ಕೋತೀನಿ" ಎಂದುಬಿಟ್ಟರು.

ಇನ್ನು ಚಿತ್ರದ ವಿಚಾರ. ಅದು ನಮ್ಮದಲ್ಲ, ಮನೆಯೊಡತಿ ಚಿನ್ ಆಂಟಿಯದು. ಆಕೆ ಇಲ್ಲೇ ಬಾಂಗ್ಸಾರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ನಾವು ಈ ಮನೆಗೆ ಬರುವಾಗ ಆಕೆಯ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಆಕೆ ಹಾಕಿದ ಷರತ್ತು ಒಂದೇ: "ಏನು ಬೇಕಾದರೂ ಬೇಯಿಸಿ, ಎಷ್ಟು ಬೇಕಾದರೂ ಒಗ್ಗರಣೆ ಹಾಕಿ, ಆದರೆ ಆ ಚಿತ್ರ ಮಾತ್ರ ಮುಟ್ಟಬೇಡಿ. ಅದು ನನ್ನ ಗಂಡನದು, ಅಲ್ಲೇ ಇರಲಿ ಲಾ." ಇಲ್ಲಿಯವರ ಮಾತಿನ ಬಾಲಕ್ಕೆಲ್ಲ ಹೀಗೊಂದು 'ಲಾ' ಅಂಟಿಕೊಂಡಿರುತ್ತದೆ. ನಾನು ಎದೆ ಮುಟ್ಟಿಕೊಂಡು ಮಾತು ಕೊಟ್ಟೆ. ಅದು ಯುರೋಪಿನ ಹಳೆಯ ಚಿತ್ರವಂತೆ. ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದಿ, ಮಸಿ ಹಚ್ಚಿ ಕಾಗದಕ್ಕೆ ಒತ್ತುವ ಕಸುಬು. ನೂರಾರು ವರ್ಷದ ಹಿಂದಿನ ಒಂದು ಪಟ್ಟಣದ ಬೀದಿ, ಆ ಬೀದಿಯಲ್ಲೊಂದು ಆಟದವರ ಮೇಳ. ಗರುಡನಂಥ ಮೂಗಿನ ಮುಖವಾಡ ಹಾಕಿಕೊಂಡು ಒಬ್ಬ ಡೋಲು ಬಡಿಯುತ್ತಾನೆ, ಇನ್ನೊಬ್ಬ ತಂತಿವಾದ್ಯ ಮೀಟುತ್ತಾನೆ, ಮತ್ತಿಬ್ಬರು ಮರದ ಕತ್ತಿ ಹಿಡಿದು ಕಾದಾಡುತ್ತಾರೆ. ನಟ್ಟನಡುವೆ ಒಬ್ಬ ಮಹಾನುಭಾವ ಸೌಟು ಹಿಡಿದು ಬಗ್ಗಿ, ನೋಡುವವರ ಕಡೆಗೆ ತನ್ನ ಹಿಂಭಾಗವನ್ನು ತಿರುಗಿಸಿಕೊಂಡಿದ್ದಾನೆ. ಸುತ್ತ ಜನವೋ ಜನ. ಮಹಡಿಯಿಂದ ಒಬ್ಬಳು ಕೊಳೆನೀರು ಚೆಲ್ಲುತ್ತಿದ್ದಾಳೆ, ಕೆಳಗೆ ಒಬ್ಬ ಟೊಪ್ಪಿ ಸರಿಮಾಡಿಕೊಳ್ಳುತ್ತಿದ್ದಾನೆ, ನಾಯಿಯೊಂದು ಯಾರದೋ ಬುಟ್ಟಿಗೆ ಬಾಯಿ ಹಾಕಿದೆ. ಎಡಗಡೆಯ ಮೂಲೆಯಲ್ಲಿ ಒಬ್ಬ ಕಂಬಕ್ಕೆ ಒರಗಿ ಎರಡೂ ಕೈ ಬಗಲಲ್ಲಿ ಸಿಕ್ಕಿಸಿಕೊಂಡು, ಏನೆಂದರೆ ಏನೂ ಮಾಡದೆ ನಿಂತಿದ್ದಾನೆ.

ಅತ್ತೆಗೆ ಆ ಚಿತ್ರವೇ ಬೀದಿಯಾಯಿತು. ಕಿಟಕಿಯಿಂದ ನೋಡಿದರೆ ಕೌಲಾಲಂಪುರದ ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ರೈಲು ಮಾತ್ರ ಖಾಲಿ ಖಾಲಿಯಾಗಿ ಹೋಗಿ ಬರುತ್ತಿತ್ತು. ಆದ್ದರಿಂದ ಅವರು ದಿನಾ ಹತ್ತು ಗಂಟೆಗೆ ಕಾಫಿ ಲೋಟ ಹಿಡಿದು ಚಿತ್ರದೆದುರಿನ ಬೆತ್ತದ ಕುರ್ಚಿಯಲ್ಲಿ ಕೂತು, ಮೈಸೂರಿನ ತಂಗಿಗೆ ಫೋನು ಹಚ್ಚಿ ವರದಿ ಒಪ್ಪಿಸುತ್ತಿದ್ದರು. "ನಮ್ಮ ಹಗಲುವೇಷದವರೇ ಕಣೇ, ಬಿಳೀ ಜನ ಅಷ್ಟೆ. ಆ ಕಾಲಕ್ಕೇ ಎಲ್ರೂ ಮಾಸ್ಕ್ ಹಾಕ್ಕೊಂಡಿದ್ದಾರೆ, ಅದೂ ಮೂಗು ಪೂರ್ತಿ ಮುಚ್ಚೋ ಹಾಗೆ. ನಮ್ಮ ಅಳಿಯಂದ್ರು ನೋಡು, ಗಡ್ಡಕ್ಕೆ ಹಾಕ್ಕೊಂಡು ಓಡಾಡ್ತಾರೆ." ಡೋಲಿನವನು ಅವರ ಓಣಿಯ ವಾಲಗದ ಚಿಕ್ಕಣ್ಣನ ಹಾಗೆಯೇ ಇದ್ದಾನಂತೆ. ಕೊಳೆನೀರು ಚೆಲ್ಲುವವಳು ಪಕ್ಕದ ಮನೆಯ ಸಾವಿತ್ರಮ್ಮನಂತೆ. ವರದಿಯ ಕೊನೆಗೆ ಮೂಲೆಯವನ ಸರದಿ. ಅವನ ಮೇಲೆ ಅತ್ತೆಗೆ ಅದೇನೋ ಸಿಟ್ಟು. "ಎಲ್ಲರ ಕೈಲೂ ಒಂದೊಂದು ಕೆಲಸ ಇದೆ. ಇವನಿಗೆ ಒಂದು ಕೋಲಾದ್ರೂ ಹಿಡಿಯೋಕೆ ಏನು ಬಂದಿತ್ತು? ಇವತ್ತೂ ಹಾಗೇ ನಿಂತಿದ್ದಾನೆ ಕಣೇ" ಎಂದು ಹೇಳಿ ಫೋನಿಡುತ್ತಿದ್ದರು.

ನನ್ನ ಮೇಜು ಇದ್ದದ್ದು ಆ ಚಿತ್ರಕ್ಕೂ ಅತ್ತೆಯ ಕುರ್ಚಿಗೂ ನಡುವೆ. ಹಾಲಿನಲ್ಲಿ ವೈಫೈ ಸರಿಯಾಗಿ ಸಿಗುತ್ತಿದ್ದ ಜಾಗ ಅದೊಂದೇ. ವಿಡಿಯೊ ಮೀಟಿಂಗಿನಲ್ಲಿ ನನ್ನ ಬೆನ್ನ ಹಿಂದೆ ಚಿತ್ರ ಕಾಣುತ್ತಿತ್ತು, ನನ್ನ ಬಲಗಿವಿಯ ಪಕ್ಕಕ್ಕೆ ಸರಿಯಾಗಿ ಆ ಬಗ್ಗಿದವನ ಹಿಂಭಾಗ. ಮೀಟಿಂಗಿನ ಜನ ಇದನ್ನು ಸಹಿಸಿಕೊಂಡರು. ತೊಂದರೆ ಬಂದದ್ದು ಚಿತ್ರದ ಗಾಜಿನಿಂದ. ಒಂದು ದಿನ ಎರಡು ಗಂಟೆಯ ಭಾರೀ ಗಂಭೀರವಾದ ಮೀಟಿಂಗು. ನಾನು ಹಣೆ ಗಂಟಿಕ್ಕಿ, ಆಗಾಗ ತಲೆಯಾಡಿಸುತ್ತ, ಪರದೆಯ ಮುಕ್ಕಾಲು ಭಾಗದಲ್ಲಿ ಒಂದು ಹಳೆಯ ಕ್ರಿಕೆಟ್ ಪಂದ್ಯ ನೋಡುತ್ತಿದ್ದೆ. ಮೀಟಿಂಗು ಮುಗಿದ ಮೇಲೆ ನಮ್ಮ ಮ್ಯಾನೇಜರು ಬಹಳ ಸೌಜನ್ಯದಿಂದ "ಔಟಾದದ್ದು ಯಾರು?" ಎಂದು ಕೇಳಿದರು. ನನ್ನ ಬೆನ್ನ ಹಿಂದಿನ ಗಾಜಿನಲ್ಲಿ ಇಡೀ ಮೈದಾನ ಪ್ರತಿಫಲಿಸುತ್ತಿತ್ತು. ಮೈದಾನದ ಪಕ್ಕದಲ್ಲಿ ಬೀನ್ಸ್ ನಾರು ತೆಗೆಯುತ್ತಿದ್ದ ಅತ್ತೆಯೂ, ಅವರ ಹಿಂದೆ ಒಣಗಲು ಹಾಕಿದ್ದ ನನ್ನ ಪಟ್ಟಾಪಟ್ಟಿ ಚಡ್ಡಿಗಳೂ ಕಾಣುತ್ತಿದ್ದವಂತೆ. ಎಷ್ಟು ದಿನಗಳಿಂದ ಕಾಣುತ್ತಿದ್ದವೋ, ಆ ಭಗವಂತನಿಗೇ ಗೊತ್ತು.

ಅಂದೇ ಮಧ್ಯಾಹ್ನ ಅತ್ತೆ ಮಲಗಿದ್ದಾಗ, ಪ್ರಭಾ ತರಕಾರಿಗೆ ಹೋಗಿದ್ದಾಗ, ನಾನು ಕಳ್ಳನ ಹಾಗೆ ಚಿತ್ರ ಇಳಿಸಿದೆ. ಹಿಂದಿನ ಕ್ಲಿಪ್ಪು ಬಿಡಿಸಿದೆ. ಗಾಜನ್ನು ತೆಗೆದು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ನಮ್ಮ ಮಂಚದ ಕೆಳಗೆ ತಳ್ಳಿದೆ. ಚಿತ್ರವನ್ನು ಬರಿಯ ಚೌಕಟ್ಟಿನಲ್ಲಿ ಮತ್ತೆ ನೇತುಹಾಕಿದೆ. ಗಾಜು ಇದ್ದರೂ ಇಲ್ಲದಿದ್ದರೂ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡು ಮುಂದಿನ ಪಂದ್ಯಗಳನ್ನು ನೆಮ್ಮದಿಯಿಂದ ನೋಡಿದೆ.

ಆಮೇಲೆ ಆಯುಧಪೂಜೆ ಬಂತು. ಊರಿನಲ್ಲಾದರೆ ಅತ್ತೆಗೆ ಪೂಜಿಸಲು ಹೊಲಿಗೆ ಯಂತ್ರ, ಈಳಿಗೆಮಣೆ, ಸ್ಕೂಟರು ಎಂದು ಬೇಕಾದಷ್ಟು ಸಾಮಾನಿರುತ್ತಿತ್ತು. ಇಲ್ಲಿ ಸಿಕ್ಕಿದ್ದಕ್ಕೆಲ್ಲ ಶುರು ಮಾಡಿದರು. ಬೆಳಿಗ್ಗೆ ಸ್ನಾನ ಮಾಡಿ ಒಂದು ಬಟ್ಟಲಲ್ಲಿ ಗಂಧ ಕಲಸಿ, ಮೈಸೂರಿನಿಂದ ತಂದಿದ್ದ ಕುಂಕುಮದ ಭರಣಿ ಹಿಡಿದು ಹೊರಟರು. ಬೆರಳನ್ನು ಮೊದಲು ಗಂಧಕ್ಕೆ, ಆಮೇಲೆ ಕುಂಕುಮಕ್ಕೆ ಅದ್ದಿ ಒತ್ತುವುದು. ಮಿಕ್ಸಿಗೆ ಬೊಟ್ಟು. ಕುಕ್ಕರಿಗೆ ಬೊಟ್ಟು. ವೈಫೈ ಪೆಟ್ಟಿಗೆಗೆ ಬೊಟ್ಟು, ಮೇಲೊಂದು ಸೇವಂತಿಗೆ. ಸ್ಯಾನಿಟೈಸರ್ ಬಾಟಲಿಗೆ, ಜ್ವರ ನೋಡುವ ಬಂದೂಕಿಗೆ, ನನ್ನ ಲ್ಯಾಪ್‌ಟಾಪಿಗೆ, ಮಗಳು ಸಿರಿಯ ಟ್ಯಾಬಿಗೆ. "ಅಜ್ಜಿ, ಸ್ಕ್ರೀನ್ ಮೇಲೆ ಬೇಡ ಲಾ!" ಎಂದು ಹನ್ನೊಂದು ವರ್ಷದ ಸಿರಿ ಅಳುಮೋರೆ ಮಾಡಿದಳು. ಪಾರ್ಕಿಂಗಿಗೆ ಇಳಿದು ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟದ್ದನ್ನು ನೋಡಿ ಸೆಕ್ಯುರಿಟಿಯವನು ಓಡಿ ಬಂದ. ಅವನ ಟಾರ್ಚಿಗೂ ಒಂದು ಬೊಟ್ಟಾಯಿತು. ಕೊನೆಗೆ ಇಷ್ಟೆಲ್ಲ ಆದಮೇಲೆ ನನಗೊಂದು ಇಡದೆ ಇರುತ್ತಾರೆಯೇ ಎಂದು ನಾನು ಹಣೆ ಮುಂದೆ ಮಾಡಿ ನಿಂತೆ. ಅತ್ತೆ ನನ್ನ ಪಕ್ಕದಿಂದಲೇ ಹಾದು ಫ್ರಿಜ್ಜಿನ ಕಡೆ ನಡೆದರು. "ನಿಮಗ್ಯಾಕೆ ಅಳಿಯಂದ್ರೆ? ಇದು ಕೆಲಸ ಮಾಡೋ ವಸ್ತುಗಳಿಗೆ."

ಮಾರನೆಯ ದಿನ ಮೀಟಿಂಗು ಶುರುವಾದ ಕೂಡಲೇ ಮ್ಯಾನೇಜರು ಕನ್ನಡಕ ಏರಿಸಿಕೊಂಡು "ನಿಮ್ಮ ಹಿಂದೆ ಇರುವವರಿಗೆಲ್ಲ ಏನಾಗಿದೆ? ಸಿಡುಬೇ?" ಎಂದು ಕೇಳಿದರು. ತಿರುಗಿ ನೋಡಿದೆ. ಡೋಲಿನವನ ಹಣೆಗೆ ಕುಂಕುಮ, ಅವನ ಡೋಲಿಗೂ ಕುಂಕುಮ. ತಂತಿವಾದ್ಯಕ್ಕೆ, ಮರದ ಕತ್ತಿಗಳಿಗೆ, ಮಹಡಿಯ ಸಾವಿತ್ರಮ್ಮನಿಗೂ ಅವಳ ಕೊಳೆನೀರಿನ ಪಾತ್ರೆಗೂ, ಬುಟ್ಟಿಗೆ ಬಾಯಿ ಹಾಕಿದ ನಾಯಿಗೂ. ಆ ಬಗ್ಗಿದವನ ಹಣೆ ನೆಲ ನೋಡುತ್ತಿದ್ದುದರಿಂದ, ನೋಡುವವರಿಗೆ ಕಾಣುವ ಹಿಂಭಾಗಕ್ಕೇ ದುಂಡಗೆ, ಎಲ್ಲರಿಗಿಂತ ದೊಡ್ಡದಾಗಿ ಇಟ್ಟಿದ್ದರು. ನೆಟ್‌ವರ್ಕ್ ಹೋಯಿತೆಂದು ಸುಳ್ಳು ಹೇಳಿ ಮೀಟಿಂಗು ಮುಚ್ಚಿದೆ.

"ಅತ್ತೆ, ಇದೇನು ಮಾಡಿದ್ದೀರಿ!" ಎಂದು ಕಿರುಚಿದೆ. ಅತ್ತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. "ಪಾಪ, ಬೀದೀಲಿ ನಿಂತು ಆಡಿ ಹೊಟ್ಟೆ ಹೊರ್ಕೊಳ್ಳೋರು. ಅವರ ಸಾಮಾನಿಗೂ ವರ್ಷಕ್ಕೊಂದು ಸಲ ಪೂಜೆ ಬೇಡ್ವಾ? ಬಣ್ಣ ಕಡಿಮೆ ಇತ್ತು, ಈಗ ನೋಡಿ ಎಷ್ಟು ಲಕ್ಷಣವಾಗಿದೆ. ಗಾಜಿನ ಮೇಲೆ ತಾನೆ, ಬೇಡ ಅಂದ್ರೆ ಒದ್ದೆ ಬಟ್ಟೇಲಿ ಒರೆಸಿದ್ರೆ ಹೋಗತ್ತೆ" ಎಂದರು. ನ್ಯಾಯವೇ. ನಮ್ಮ ಮನೆಗಳಲ್ಲಿ ಗೋಡೆಗೆ ಹಾಕಿದ ದೇವರ ಪಟಗಳಿಗೆಲ್ಲ ಗಾಜಿರುತ್ತದೆ. ದಿನಾ ಗಾಜಿನ ಮೇಲೆ ಬೊಟ್ಟಿಟ್ಟು, ಹಬ್ಬದ ಹಿಂದಿನ ದಿನ ಒರೆಸುವುದು ಅತ್ತೆಗೆ ಐವತ್ತು ವರ್ಷದ ಅಭ್ಯಾಸ. ಮಾತಾಡುತ್ತಲೇ ಅವರು ಒದ್ದೆ ಬಟ್ಟೆ ತಂದರು. ನಾನು ಹಾರಿ ಅವರ ಕೈ ಹಿಡಿದುಕೊಂಡೆ. ಆದರೂ ಅವರ ಬೆರಳು ಚಿತ್ರಕ್ಕೆ ತಾಗಿತು. ಅತ್ತೆ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡರು.

"ಅಯ್ಯೋ, ಇದು ಕಾಗದ! ನಿನ್ನೆ ತರಿತರಿಯಾಗಿತ್ತು, ಧೂಳು ಕೂತಿದೆ ಅಂದ್ಕೊಂಡೆ. ಗಾಜಿಲ್ವಾ ಇದಕ್ಕೆ?"

"ಗಾಜು ಇತ್ತಲ್ವೇನ್ರೀ?" ಎಂದು ಪ್ರಭಾ ಅಡುಗೆಮನೆಯಿಂದ ಬಂದಳು.

ಓದುಗರೇ, ಮನುಷ್ಯನ ಯೋಗ್ಯತೆ ಬಯಲಾಗುವ ಗಳಿಗೆ ಎಂದರೆ ಇದೇ. ಹೌದು, ನಾನೇ ತೆಗೆದೆ, ಮಂಚದ ಕೆಳಗಿದೆ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಏಕೆ ತೆಗೆದೆ ಎಂದು ಕೇಳಿದರೆ ಕ್ರಿಕೆಟ್ಟು ಹೊರಬರುತ್ತದೆ. ಮೀಟಿಂಗಿದೆ ಎಂದು ಹೇಳಿ ನಾನು ತಪ್ಪಿಸಿಕೊಂಡ ತೆಂಗಿನಕಾಯಿಗಳೆಲ್ಲ ಲೆಕ್ಕಕ್ಕೆ ಬರುತ್ತವೆ. "ಇತ್ತೋ ಇಲ್ವೋ, ಹಳೇ ಚಿತ್ರ ನೋಡು, ಕೆಲವಕ್ಕೆ ಹಾಕಿರಲ್ಲ" ಎಂದು ಗೊಣಗಿ, ಗೋಡೆಯ ಕಡೆ ತಿರುಗಿಕೊಂಡೆ. ಅಂಥ ಹೇಡಿ ನಾನು.

ಸರಿ, ಬೊಟ್ಟು ತೆಗೆಯುವ ಪ್ರಯತ್ನವಾಯಿತು. ಕಾಗದದ ಕಲೆಗೆ ಬ್ರೆಡ್ಡಿನ ತಿರುಳು ಉಜ್ಜಬೇಕೆಂದು ಯಾರೋ ವಿಡಿಯೊದಲ್ಲಿ ಹೇಳಿದ್ದರು. ನಾಯಿಯ ಮೇಲೆ ಪ್ರಯೋಗ ಮಾಡಿದೆ. ಬೊಟ್ಟು ಹೋಗುವ ಬದಲು ಹರಡಿ ನಾಯಿ ಪೂರ್ತಿ ಗುಲಾಬಿಯಾಯಿತು. ಅರ್ಧ ಗಂಟೆಯಲ್ಲಿ ಬ್ರೆಡ್ಡಿನ ಪುಡಿಗೆ ಇರುವೆ ಸಾಲುಗಟ್ಟಿ ಆ ಪಟ್ಟಣದ ಬೀದಿಯಲ್ಲಿ ಮೆರವಣಿಗೆ ಹೊರಟಿತು. ಅಷ್ಟರಲ್ಲಿ ಫೋನು ಟಿಂಗ್ ಎಂದಿತು. ಚಿನ್ ಆಂಟಿಯ ಸಂದೇಶ: ಈ ಗುರುವಾರ ನನ್ನ ಗಂಡನ ಹುಟ್ಟುಹಬ್ಬ. ಆ ಚಿತ್ರವನ್ನು ನನ್ನ ಕೋಣೆಯಲ್ಲಿ ಹಾಕಿಕೊಳ್ಳಬೇಕು ಅನ್ನಿಸಿದೆ. ಬಂದು ತೆಗೆದುಕೊಂಡು ಹೋಗುತ್ತೇನೆ.

ಅದನ್ನು ಕೇಳಿ ಅತ್ತೆ ಬೆತ್ತದ ಕುರ್ಚಿಯಲ್ಲಿ ಕುಸಿದರು. "ಗಂಡನ ನೆನಪಿಗೆ ಇಟ್ಕೊಂಡಿದ್ದ ವಸ್ತು. ನಾನು ಹಾಳು ಮಾಡಿಬಿಟ್ಟೆ. ಆ ಯಮ್ಮ ಬಂದು ಕ್ಷಮಿಸೋ ತನಕ ನಾನು ಕಾಫಿ ಮುಟ್ಟಲ್ಲ" ಎಂದರು. ಮೈಸೂರಿನ ಹೆಂಗಸೊಬ್ಬಳು ಕಾಫಿ ಬಿಡುವುದೆಂದರೆ ಏನೆಂದು ಬಲ್ಲವರೇ ಬಲ್ಲರು. ಹತ್ತು ಗಂಟೆಯ ಫೋನೂ ನಿಂತಿತು. ಅತ್ತೆ ಹಣೆಗೆ ವಿಕ್ಸ್ ಹಚ್ಚಿ ಬಟ್ಟೆ ಕಟ್ಟಿಕೊಂಡು ಕೂತರು. ಆದರೂ ನನಗೆ ಮಾತ್ರ ಹೊತ್ತುಹೊತ್ತಿಗೆ ಡಿಕಾಕ್ಷನ್ ಇಳಿಸಿ, ನೊರೆ ಬರಿಸಿ, ಲೋಟ ತಂದಿಡುತ್ತಿದ್ದರು. "ನೀವೂ ಸ್ವಲ್ಪ ಕುಡೀರಿ ಅತ್ತೆ" ಎಂದರೆ, "ತಪ್ಪು ಮಾಡಿದೋಳು ನಾನು. ನೀವ್ಯಾಕೆ ಬಿಡಬೇಕು, ನೀವು ಕುಡೀರಿ" ಎನ್ನುವರು. ಮೂರು ದಿನ ಆ ಕಾಫಿ ನನ್ನ ಗಂಟಲಲ್ಲಿ ಇಳಿಯಲಿಲ್ಲ. ನಾಚಿಕೆಯಾಗುತ್ತಿತ್ತು, ನಿಜವಾಗಿಯೂ ನಾಚಿಕೆಯಾಗುತ್ತಿತ್ತು. ಹಾಗಂತ ಲೋಟದಲ್ಲಿ ಉಳಿಸಲೂ ಇಲ್ಲ.

ಗುರುವಾರ ಚಿನ್ ಆಂಟಿ ಬಂದರು. ಮಾಸ್ಕ್, ಮೇಲೆ ಪ್ಲಾಸ್ಟಿಕ್ಕಿನ ಮುಖಗವಸು, ಕೈಯಲ್ಲಿ ಚಿತ್ರ ಸುತ್ತಿಕೊಳ್ಳಲು ಒಂದು ಹಳೆಯ ರಗ್ಗು. ಅತ್ತೆ ರೇಷ್ಮೆ ಸೀರೆಯುಟ್ಟು, ಕುಂಕುಮದ ಭರಣಿಯನ್ನು ಸಾಕ್ಷಿಗೆಂಬಂತೆ ಎರಡೂ ಕೈಯಲ್ಲಿ ಹಿಡಿದು ಗೋಡೆಯ ಪಕ್ಕ ನಿಂತಿದ್ದರು. ಆಂಟಿ ಚಿತ್ರ ನೋಡಿದರು. ಹತ್ತಿರ ಹೋಗಿ ನೋಡಿದರು. ಮಾಸ್ಕಿನ ಮೇಲೆ ಕಾಣುವುದು ಎರಡು ಕಣ್ಣು ಮಾತ್ರ. ಸಿಟ್ಟೋ ಅಳುವೋ ತಿಳಿಯುವ ಹಾಗಿಲ್ಲ. ಸಿರಿ ಎರಡು ದಿನದಿಂದ ಬಾಯಿಪಾಠ ಮಾಡಿಸಿದ್ದ ಇಂಗ್ಲಿಷನ್ನು ಅತ್ತೆ ಒಂದೇ ಉಸಿರಿಗೆ ಹೇಳಿದರು: "ಐ ಡಿಡ್. ಐ ಸಾರಿ. ಪೂಜಾ."

"ಅಯ್ಯೋ!" ಎಂದರು ಚಿನ್ ಆಂಟಿ.

"ಅಯ್ಯೋ..." ಎಂದರು ಅತ್ತೆ.

ಮಲೇಷ್ಯಾದಲ್ಲಿ ಯಾವ ಜನದ ಬಾಯಲ್ಲೂ ಈ ಮಾತು ಬರುತ್ತದೆ. ಇಬ್ಬರು ಮುದುಕಿಯರಿಗೂ ಸಮಾನವಾಗಿ ಗೊತ್ತಿದ್ದ ಮಾತು ಅದೊಂದೇ. ಆಮೇಲೆ ಆಂಟಿ ನನ್ನ ಕಡೆ ತಿರುಗಿದರು. "ಗಾಜು ಎಲ್ಲಿ? ನನ್ನ ಗಂಡ ತನ್ನ ಕೈಯಾರೆ ಕೂರಿಸಿದ್ದ ಗಾಜು."

ಪ್ರಭಾ ನನ್ನನ್ನು ನೋಡಿದಳು. ಸಿರಿ ನನ್ನನ್ನು ನೋಡಿದಳು. ಅತ್ತೆಗೆ ಇಂಗ್ಲಿಷು ತಿಳಿಯದಿದ್ದರೂ ಅವರೂ ನನ್ನನ್ನೇ ನೋಡಿದರು. ಕಾಫಿಯಿಲ್ಲದೆ ಅವರ ಕಣ್ಣು ಗುಳಿಬಿದ್ದಿತ್ತು. ನನ್ನಿಂದ ತಡೆಯಲಾಗಲಿಲ್ಲ. "ಆಂಟಿ, ಗಾಜು ತೆಗೆದವನು ನಾನು. ಮಂಚದ ಕೆಳಗಿದೆ. ಇವರದು ಏನೂ ತಪ್ಪಿಲ್ಲ" ಎಂದು ಶುರು ಮಾಡಿ ಕ್ರಿಕೆಟ್ಟು, ಮೈದಾನ, ಪಟ್ಟಾಪಟ್ಟಿ ಚಡ್ಡಿ ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಪ್ರಭಾ ಒಂದನ್ನೂ ಬಿಡದೆ, ನಡುನಡುವೆ ತನ್ನದನ್ನೂ ಸೇರಿಸಿ, ಅಮ್ಮನಿಗೆ ಕನ್ನಡದಲ್ಲಿ ಹೇಳಿದಳು. ನಾನು ಬೈಗುಳಕ್ಕೆ ಸಿದ್ಧನಾದೆ. ಅತ್ತೆ ಕುಂಕುಮದ ಭರಣಿಯನ್ನು ನನ್ನ ಮೇಜಿನ ಮೇಲಿಟ್ಟರು.

"ಪ್ರಭಾ, ಡಿಕಾಕ್ಷನ್ ಇದ್ಯಾ?" ಎಂದರು.

ತಪ್ಪು ತಮ್ಮದಲ್ಲವೆಂದಾದ ಮೇಲೆ ಅವರು ಲೋಟದ ತುಂಬ ಕಾಫಿ ಕುಡಿದರು. ಆಂಟಿಗೂ ಒಂದು ಲೋಟ ಸಿಕ್ಕಿತು. ಕುಡಿಯಲೆಂದು ಮುಖಗವಸು ಮೇಲೆತ್ತಿ ಮಾಸ್ಕ್ ಇಳಿಸಿದಾಗ ನೋಡಿದರೆ, ಆಕೆ ನಗು ತಡೆಯಲಾರದೆ ಒದ್ದಾಡುತ್ತಿದ್ದರು. ಬಗ್ಗಿದವನ ದುಂಡನೆಯ ಬೊಟ್ಟನ್ನು ತೋರಿಸಿ "ಇವನಿಗೆ ಅಲ್ಲೇಕೆ?" ಎಂದು ಕೇಳಿದರು. "ಹಣೆ ಸಿಗ್ಲಿಲ್ಲ" ಎಂಬ ಅತ್ತೆಯ ಉತ್ತರವನ್ನು ಸಿರಿ ಇಂಗ್ಲಿಷಿಗೆ ತಂದಾಗ ಆಂಟಿ ಕಾಫಿ ಚೆಲ್ಲಿಕೊಂಡು ನಕ್ಕರು. ನಗು ಇಳಿದ ಮೇಲೆ ಎಡಮೂಲೆಗೆ ಬೆರಳಿಟ್ಟರು. "ಎಲ್ಲರಿಗೂ ಇದೆ, ನಾಯಿಗೂ ಇದೆ. ಇವನಿಗೆ ಮಾತ್ರ ಏಕಿಲ್ಲ?"

"ಆಯುಧಪೂಜೆ ಕೆಲಸ ಮಾಡೋರಿಗೆ. ಇವನು ಸೋಮಾರಿ, ಸುಮ್ನೆ ನಿಂತಿದ್ದಾನೆ" ಎಂದರು ಅತ್ತೆ ಖಡಕ್ಕಾಗಿ.

ಆಂಟಿ ಲೋಟ ಕೆಳಗಿಟ್ಟರು. "ನನ್ನ ಗಂಡ ಈ ಚಿತ್ರ ಕೊಂಡದ್ದೇ ಇವನಿಗೋಸ್ಕರ. ಮೂವತ್ತು ವರ್ಷ ರೈಲು ಓಡಿಸಿದ. ರಿಟೈರಾದ ಮೇಲೆ ದಿನಾ ಸಂಜೆ ಕೆಳಗಿನ ಅಂಗಡಿಯ ಕಂಬಕ್ಕೆ ಒರಗಿ ಜನರನ್ನು ನೋಡುತ್ತ ನಿಲ್ಲುತ್ತಿದ್ದ. ಇವನು ನಾನೇ ಲಾ, ಅನ್ನುತ್ತಿದ್ದ" ಎಂದರು. ಪ್ರಭಾ ಅದನ್ನು ಕನ್ನಡದಲ್ಲಿ ಹೇಳಿದಳು. ಅತ್ತೆಯ ಕಣ್ಣು ತುಂಬಿ ಬಂತು. "ಮೂವತ್ತು ವರ್ಷ ರೈಲು ಓಡಿಸಿದ್ರಾ? ಅಯ್ಯೋ, ನಂಗೇನು ಗೊತ್ತು! ದುಡಿದು ದಣಿದು ನಿಂತೋರು ಬೇರೆ" ಎಂದು ಗಂಧದ ಬಟ್ಟಲು ತಂದು, ಭರಣಿಯ ಮುಚ್ಚಳ ತೆಗೆದು ಆಂಟಿಯ ಮುಂದೆ ಹಿಡಿದರು. ಚಿನ್ ಆಂಟಿ ಬೆರಳನ್ನು ಗಂಧಕ್ಕೂ ಕುಂಕುಮಕ್ಕೂ ಅದ್ದಿ, ಮೂಲೆಯವನ ಹಣೆಗೆ ಮೆಲ್ಲಗೆ ಇಟ್ಟರು. ಬೊಟ್ಟು ಸ್ವಲ್ಪ ಸೊಟ್ಟಗಾಯಿತು. ಅದೇ ಚೆನ್ನಾಗಿತ್ತು.

ಎಲ್ಲರ ಮನಸ್ಸೂ ಮೆತ್ತಗಾಗಿದ್ದ ಆ ಶುಭಮುಹೂರ್ತ ನೋಡಿ ನಾನೂ ಹಣೆ ಮುಂದೆ ಮಾಡಿದೆ. ಅತ್ತೆ ಟಪ್ಪೆಂದು ಮುಚ್ಚಳ ಹಾಕಿದರು. "ನೀವಿನ್ನೂ ರಿಟೈರಾಗಿಲ್ವಲ್ಲ ಅಳಿಯಂದ್ರೆ. ಹೋಗಿ, ಆ ಗಾಜು ತನ್ನಿ."

ಚಿತ್ರ, ಗಾಜು, ಬೊಟ್ಟು, ಗುಲಾಬಿ ನಾಯಿ ಎಲ್ಲವನ್ನೂ ರಗ್ಗಿನಲ್ಲಿ ಸುತ್ತಿಕೊಂಡು ಆಂಟಿ ಬಾಂಗ್ಸಾರಿಗೆ ಹೋದರು. ಈಗ ನನ್ನ ಬೆನ್ನ ಹಿಂದೆ ಉಳಿದಿರುವುದು ಒಂದು ಮೊಳೆ, ಮತ್ತು ಗೋಡೆಯ ಮೇಲೆ ಚಿತ್ರವಿದ್ದಷ್ಟಗಲ ತಿಳಿಬಣ್ಣದ ಚೌಕ. ಏನೂ ಪ್ರತಿಫಲಿಸುವುದಿಲ್ಲ. ಯಾವ ಪಂದ್ಯವನ್ನು ಬೇಕಾದರೂ ನಿರಾತಂಕವಾಗಿ ನೋಡಬಹುದು ಎಂದು ನಾನು ಅಂದುಕೊಂಡಿದ್ದೆ. ಆದರೆ ಅತ್ತೆ ತಮ್ಮ ಅಭ್ಯಾಸ ಬಿಟ್ಟಿಲ್ಲ. ದಿನಾ ಹತ್ತು ಗಂಟೆಗೆ ಸರಿಯಾಗಿ ಕಾಫಿ ಲೋಟ ಹಿಡಿದು ಅದೇ ಬೆತ್ತದ ಕುರ್ಚಿಯಲ್ಲಿ ಕೂರುತ್ತಾರೆ. ಎದುರಿಗೆ ಬೀದಿಯಿಲ್ಲ, ಡೋಲಿನವನಿಲ್ಲ, ಸಾವಿತ್ರಮ್ಮನಿಲ್ಲ. ನೋಡಲು ಇರುವವನು ನಾನೊಬ್ಬನೇ. ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಮೈಸೂರಿನ ತಂಗಿಗೆ ಫೋನು ಹಚ್ಚಿ, ನನಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳುತ್ತಾರೆ:

"ಇವತ್ತೂ ಹಾಗೇ ಕೂತಿದ್ದಾರೆ ಕಣೇ."